ಹದ್ದುಗಳಿಗಿಟ್ಟ ಎಡೆ

ರಣಹದ್ದು ಮನೆ ಮೇಲೆ ಕೂತರೆ ಮನೆ ಬಿಡಬೇಕು ಅನ್ನುವುದು ಪಾಂಡವಪುರದ ಕಡೆಯ ಆ ಊರಿನವರ ನಂಬಿಕೆ. ಹಾಗಾಗಿ ಹದ್ದು ಕಂಡರೆ ಸಾಕು, ಮಕ್ಕಳ ಕೈಗೆ ಕಲ್ಲು ತಾನಾಗಿ ಬರುತ್ತಿತ್ತು. ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಜಯಲಕ್ಷ್ಮಮ್ಮ ಟೀಚರು ಆ ಕಲ್ಲು ಬಿಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಊರ ಹಿಂದಿನ ಬಂಡೆಯ ಮೇಲೆ ಒಂದು ಕಾಲಕ್ಕೆ ಹಿಂಡುಗಟ್ಟಿ ಕೂರುತ್ತಿದ್ದ ಹದ್ದುಗಳಲ್ಲಿ ಈಗ ಉಳಿದದ್ದು ಒಂದೇ ಜೋಡಿ. ಅವೂ ಹೋದರೆ ಮಕ್ಕಳಿಗೆ ತೋರಿಸಲು ಪಟ ಬಿಟ್ಟು ಬೇರೇನೂ ಇರುವುದಿಲ್ಲ ಎಂಬ ಸಂಕಟ ಆಕೆಗೆ.

"ಸತ್ತ ದನ ತಿಂದು ಊರು ಚೊಕ್ಕಟ ಮಾಡೋ ಹಕ್ಕಿ ಕಣ್ರೋ ಇದು. ನಾವು ನೋಡಿದ್ರೆ ಸತ್ತ ದನಾನ ತೆಂಗಿನ ಬುಡಕ್ಕೆ ಹೂಳ್ತೀವಿ. ಪಾಪ, ಅವು ಏನು ತಿನ್ಬೇಕು?"

ಈ ಮಾತು ಐದನೇ ಕ್ಲಾಸಿನ ಅರ್ಪಿತಳ ಎದೆಗೆ ನಾಟಿತು. ಅಂದಿನಿಂದ ಹದ್ದಿಗೆ ಕಲ್ಲೆತ್ತಿದವರ ಜುಟ್ಟು ಅವಳ ಕೈಯಲ್ಲಿರುತ್ತಿತ್ತು.

ಒಂದು ಬೆಳಿಗ್ಗೆ ಅವಳ ಮನೆಯ ಹಸು ಗೌರಿ ಸತ್ತುಬಿದ್ದಿತ್ತು. ಅಪ್ಪ ದೇವರಾಜು ತೆಂಗಿನ ಸಸಿಯ ಪಕ್ಕ ಗುಂಡಿ ತೋಡಿಸಿದ. ಅರ್ಪಿತ ಅಳುತ್ತಾ ಹೋಗಿ ಆ ಗುಂಡಿಯೊಳಗೇ ಕೂತುಬಿಟ್ಟಳು.

"ಗೌರಿನ ಬಂಡೆತವ್ಕೆ ಆಕ್ಬುಡಪ್ಪ. ಅದ್ದು ತಿನ್ಲಿ."

"ಏನಮ್ಮೀ ಇಂಗಂತೀಯ? ಸಾಕಿದ್ ಅಸ ಕಣಮ್ಮೀ ಅದು!"

"ಮಿಸ್ಸು ಯೋಳವ್ರೆ."

ಮಿಸ್ಸಿಗೆ ಕರೆ ಹೋಯಿತು. ಜಯಲಕ್ಷ್ಮಮ್ಮ ಓಡೋಡಿ ಬಂದು ದೇವರಾಜುವಿಗೆ ಕೈ ಮುಗಿದರು. ಟೀಚರು ಕೈ ಮುಗಿದ ಮೇಲೆ ಅವನು ತಾನೇ ಏನು ಮಾಡಿಯಾನು? "ನೀವ್ ಯೋಳುದ್ ಮ್ಯಾಕೆ ಆಯ್ತು ಬುಡಿ ಮೇಡಂ" ಎಂದು ಗಾಡಿ ಕಟ್ಟಿಸಿದ. ಅರ್ಪಿತ ಗೌರಿಯ ಹಣೆಗೆ ಅರಿಶಿನ ಕುಂಕುಮ ಹಚ್ಚಿ ಕಳಿಸಿಕೊಟ್ಟಳು.

ಆ ಸಂಜೆ ಪೊದೆಯ ಹಿಂದೆ ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಎರಡೂ ಹದ್ದುಗಳು ಕೆಳಗಿಳಿದವು. ಕತ್ತು ಬಗ್ಗಿಸಿ ತಿಂದವು. ಜಯಲಕ್ಷ್ಮಮ್ಮನ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ಮೇಷ್ಟರಗಿರಿಯಲ್ಲಿ ಪಾಠವೊಂದು ಹೀಗೆ ಕಣ್ಣೆದುರು ನಿಜವಾದದ್ದು ಇದೇ ಮೊದಲು.

ಮಾರನೆಯ ದಿನ ಅರ್ಪಿತ ಪುಸ್ತಕದ ಚೀಲವಿಲ್ಲದೆ ಶಾಲೆಗೆ ಓಡಿ ಬಂದಳು. "ಮಿಸ್, ಅವು ಏಳ್ತಾನೇ ಇಲ್ಲ."

ಹದ್ದುಗಳೆರಡೂ ಬಂಡೆಯ ಕೆಳಗೆ ರೆಕ್ಕೆ ಹರವಿಕೊಂಡು ಸತ್ತುಬಿದ್ದಿದ್ದವು. ಹಿಂದೆಯೇ ಬಂದ ದೇವರಾಜು ನೋಡಿದವನೇ ಹಣೆ ಚಚ್ಚಿಕೊಂಡ.

"ಕಬ್ಬಿಗೆ ಔಸ್ದಿ ಒಡ್ಸಿದ್ದೆ ಮೇಡಂ. ಬದಿನ್ ಉಲ್ಲು ಮೇಯ್ಬುಟ್ಟು ಗೌರಿ ಓಯ್ತು. ನೀವ್ ಕೇಳ್ನಿಲ್ಲ, ನಾ ಯೋಳ್ನಿಲ್ಲ. ಸತ್ತೋದ್ ಮ್ಯಾಲೂ ಇಸ ಅಂಗೇ ಇರ್ತದೆ ಅಂತ ನಂಗೇನ್ ಗೊತ್ತು?"

ಜಯಲಕ್ಷ್ಮಮ್ಮ ಹದ್ದುಗಳ ಹರವಿದ ರೆಕ್ಕೆಗಳನ್ನು ಒಂದೊಂದಾಗಿ ಮಡಿಸಿಟ್ಟರು. ಹದ್ದಿನ ಹಸಿವು, ಗೂಡು, ಮೊಟ್ಟೆ ಎಲ್ಲವನ್ನೂ ಹೇಳಿಕೊಟ್ಟಿದ್ದ ಆಕೆ, ಹಸು ಏನಾಗಿ ಸತ್ತಿತು ಎಂಬ ಒಂದೇ ಒಂದು ಮಾತು ಕೇಳಿರಲಿಲ್ಲ.

"ಮಿಸ್, ನಾನೇ ಸಾಯಿಸ್ಬುಟ್ನಾ?"

"ನೀನಲ್ಲ ಕಣವ್ವ. ನಾನು ಕೇಳ್ಬೇಕಿತ್ತು." ತೆಂಗಿನ ಸಸಿಯ ಪಕ್ಕ ತೆರೆದೇ ಇದ್ದ ಗುಂಡಿಗೆ ಗೌರಿಯಲ್ಲಿ ಉಳಿದದ್ದನ್ನೂ ಹದ್ದುಗಳನ್ನೂ ಒಟ್ಟಿಗೆ ಇಳಿಸಿದರು.

ಮಳೆಗಾಲ ಕಳೆದ ಮೇಲೆ ಅದೇ ಊರಿನ ಬೋರಯ್ಯ ತಾತನ ಮುದಿ ಎತ್ತು ಸತ್ತಿತು. ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋದವಳು ಅರ್ಪಿತ.

"ಏನಾಗಿ ಸತ್ತೋಯ್ತು ತಾತ? ಔಸ್ದಿ ಗೀಸ್ದಿ ಒಡ್ದಿದ್ ಉಲ್ ಮೇಯ್ದಿತ್ತಾ?"

"ಇಲ್ಲ ಕಣವ್ವ, ವಯಸ್ಸಾಗಿತ್ತು."

ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ತಾತನನ್ನು ಕಾಡಿ ಬೇಡಿ ಎತ್ತನ್ನು ಬಂಡೆಯ ಬಳಿ ಹಾಕಿಸಿದಳು. ಸಂಜೆ ಮಕ್ಕಳು ಮತ್ತೆ ಪೊದೆಯ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದು ಕೂತರು. ಕಾಗೆಗಳು ಬಂದವು, ನಾಯಿಗಳು ಬಂದವು. ಶ್ರೀರಂಗಪಟ್ಟಣದ ಬಸ್ಸು ಹೊರಟುಹೋದರೂ ಜಯಲಕ್ಷ್ಮಮ್ಮ ಏಳಲಿಲ್ಲ. ಇನ್ನು ಯಾವ ಹದ್ದೂ ಬರುವುದಿಲ್ಲ ಎಂದು ಹೇಳಲು ಆಕೆಗೆ ಬಾಯಿ ಬರಲಿಲ್ಲ.

"ಬತ್ತವೆ ಮಿಸ್," ಎಂದಳು ಅರ್ಪಿತ, ಆಕಾಶದಿಂದ ಕಣ್ಣು ಕೀಳದೆ. "ಈ ಸಲ ನಾನು ಕೇಳಿವ್ನಿ."