ಒಂದು ಚಾಪೆಗೆ ಒಂದೇ ಕೈ

ಆದಿಲಕ್ಷ್ಮಿಗೆ ಮಾವಿನ ತಾಂಡ್ರ ಮಾರುವುದು ಹೇಗೆಂದು ಕಲಿಸಲು ಕೋಲಾರದಲ್ಲಿ ಇಪ್ಪತ್ತು ದಿನ ತರಬೇತಿ ಕೊಟ್ಟರು. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಅದಕ್ಕೆ ಅವಳ ಹೆಸರು ಬರೆದುಕೊಟ್ಟವಳು ನಾನೇ, ಸುನಂದ, ಶ್ರೀನಿವಾಸಪುರದ ಹತ್ತಿರದ ನಮ್ಮೂರಿನ ಮಹಿಳಾ ಸಂಘದ ಅಧ್ಯಕ್ಷೆ. ಆದ್ದರಿಂದ ಇಲ್ಲಿ ನಾನು ಯಾರನ್ನು ಬೈದರೂ ಅದರಲ್ಲಿ ಅರ್ಧ ನನಗೇ ಸೇರಬೇಕು.

ಆದಿಲಕ್ಷ್ಮಿ ನಮ್ಮ ಪಕ್ಕದ ಮನೆಯವಳು. ಮಾವಿನ ಕಾಲ ಬಂತೆಂದರೆ ಮಂಡಿಗಳಲ್ಲಿ ಮಿಕ್ಕ ಕಳಿತ ಹಣ್ಣು ತಂದು, ಹಿಂಡಿ, ಸೋಸಿ, ಬೆಲ್ಲ ಬೆರೆಸಿ, ತಾರಸಿಯ ಮೇಲೆ ಈಚಲು ಚಾಪೆಗೆ ತೆಳ್ಳಗೆ ಹೊಯ್ಯುತ್ತಾಳೆ. ದಿನಕ್ಕೆ ಒಂದೇ ಪದರ. ಅದು ಬಿಸಿಲಿಗೆ ಒಣಗಿದರೆ ಮರುದಿನ ಅದರ ಮೇಲೆ ಇನ್ನೊಂದು. ಮೂವತ್ತು ಪದರವಾದರೆ ತಾಂಡ್ರ ಹೆಬ್ಬೆರಳಿನಷ್ಟು ದಪ್ಪ ಬರುತ್ತದೆ. ಮುಳಬಾಗಿಲಿನಲ್ಲಿ ಹೆದ್ದಾರಿ ಪಕ್ಕ ಅಂಗಡಿ ಇಟ್ಟಿರುವ ಕಾಂತರಾಜ್ ಅಷ್ಟನ್ನೂ ಒಯ್ಯುತ್ತಿದ್ದ. ತಿರುಪತಿಗೆ ಹೋಗುವವರು ಕಾರು ನಿಲ್ಲಿಸಿ ಅವಳ ತಾಂಡ್ರವನ್ನೇ ಕೇಳುತ್ತಿದ್ದರು.

ಅವಳ ಅತ್ತೆ ಹಾಕಿಕೊಟ್ಟ ಕಟ್ಟಳೆಯೊಂದಿತ್ತು. ಒಂದು ಚಾಪೆಗೆ ಒಂದೇ ಕೈ. ಮೊದಲ ಪದರ ಹೊಯ್ದವಳೇ ಕೊನೆಯದನ್ನೂ ಹೊಯ್ಯಬೇಕು. ನಾವೆಲ್ಲ ಅದನ್ನು ಮಡಿ ಮೈಲಿಗೆಯ ಸಾಲಿಗೆ ಸೇರಿಸಿ ನಗುತ್ತಿದ್ದೆವು.

ಹೋದ ವರ್ಷ ಕೋಲಾರದ ಒಂದು ಟ್ರಸ್ಟಿನವರು ಬಂದರು. ಸಣ್ಣ ಕಸುಬಿನವರನ್ನು ಮೇಲೆತ್ತುವ ಯೋಜನೆಯಂತೆ. ಅಲ್ಲೇ ಉಳಿದು ತರಬೇತಿ ಮುಗಿಸಿದವರಿಗೆ ಶ್ರೀನಿವಾಸಪುರ ಬಸ್ ನಿಲ್ದಾಣದ ಹತ್ತಿರ ಒಂದೊಂದು ಪೆಟ್ಟಿಗೆ ಅಂಗಡಿ. ಒಂದು ದಿನ ತಪ್ಪಿಸಿದರೂ ಹೆಸರು ಹೊಡೆದುಹಾಕುತ್ತಾರೆ. ಸ್ವಂತ ಅಂಗಡಿ ಎಂದಾಗ ಆದಿಲಕ್ಷ್ಮಿಯ ಕಣ್ಣು ಅರಳಿದ್ದನ್ನು ನೋಡಿದೆ. ಜೂನ್ ಹದಿನೈದಕ್ಕೆ ಶುರು ಎಂದಾಗ ಮುಖ ಬಾಡಿದ್ದನ್ನೂ ನೋಡಿದೆ.

"ಚಾಪೆ ಮೇಲೆ ಹತ್ತು ಪದರ ಐತಕ್ಕಾ. ಶ್ರಾವಣದಾಗ ಇಟ್ಕೊಳ್ಳೋಕೆ ಹೇಳು, ಇಪ್ಪತ್ತಲ್ಲ, ನಲವತ್ತು ದಿನ ಬೇಕಾದ್ರೂ ಹೋಗ್ತೀನಿ."

ಯೋಜನೆ ನೋಡಿಕೊಳ್ಳುವ ಶ್ರೀವಾಣಿ ಮೇಡಂಗೆ ಫೋನ್ ಮಾಡಿದೆ.

"ಡೇಟು ಮೇಲಿಂದ ಬಂದಿದೆ ಸುನಂದಮ್ಮ. ಮಾವಿನಹಣ್ಣಿಗೋಸ್ಕರ ಬದಲಾಯಿಸೋಕಾಗುತ್ತಾ?" ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

"ನೀನು ಹೋಗೇ, ಪದರ ನಾನು ಹೊಯ್ತೀನಿ," ಎಂದು ಆದಿಲಕ್ಷ್ಮಿಗೆ ಹೇಳಿದೆ.

"ಕೈ ಬದಲಾಗಬಾರ್ದಕ್ಕಾ."

"ಯಾವ ಕಾಲದಾಗಿದ್ದೀಯೇ? ನನ್ ಕೈಯಾಗೇನು ವಿಷ ಐತಾ?"

ಹೋದಳು. ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಗಿರಾಕಿಯ ಹತ್ತಿರ ನಗುವುದು ಹೇಗೆ ಎಂದು ಒಂದು ದಿನ ಪೂರ್ತಿ ಕಲಿಸಿದರಂತೆ. ಕೊನೆಗೆ ಅದೇ ಪ್ರಶ್ನೆ. "ಕೈ ಬೆನ್ನಿಂದ ಮುಟ್ಟಿ ನೋಡಿದ್ಯಾ ಅಕ್ಕಾ? ಒಣಗೈತಾ?"

"ನೋಡ್ದೆ ಕಣೇ, ಒಣಗೈತೆ," ಎನ್ನುತ್ತಿದ್ದೆ. ಕಣ್ಣಲ್ಲಿ ನೋಡಿದ್ದೆ, ಮುಟ್ಟಿರಲಿಲ್ಲ. ನಡುವೆ ಎರಡು ದಿನ ಮೋಡ ಕವಿಯಿತು, ಹೊಯ್ಯಲಿಲ್ಲ. ಮೂರನೆಯ ದಿನ ಬಿಸಿಲು ಬಂದಾಗ ಮೂರು ದಿನದ್ದನ್ನೂ ಒಟ್ಟಿಗೆ ಹೊಯ್ದೆ. ಸಂಘದ ಹಾಜರಿ ಪುಸ್ತಕದಲ್ಲಿ ಬಿಟ್ಟುಹೋದ ಸಹಿಗಳನ್ನು ಒಂದೇ ಸಲ ಹಾಕಿಸಿ ಅಭ್ಯಾಸವಾದವಳು ನಾನು. ಮೂವತ್ತೆಂದರೆ ಮೂವತ್ತಾಗಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ತರಬೇತಿ ಮುಗಿಸಿ ಬಂದವಳು ಚೀಲವನ್ನೂ ಇಳಿಸದೆ ತಾರಸಿ ಹತ್ತಿದಳು. ಮೂಲೆ ಹಿಡಿದು ಎತ್ತಿದಳು. ಮೇಲೆ ಚೆನ್ನಾಗಿ ಹೊಳೆಯುತ್ತಿದ್ದ ತಾಂಡ್ರ ನಡುವೆ ಬಿಚ್ಚಿಕೊಂಡಿತು. ಒಳಗೆಲ್ಲ ಬೂಷ್ಟು, ಹುಳಿ ನಾತ.

"ಇಲ್ಲಿ ದಪ್ಪ ಬಿದ್ದೈತೆ," ಎಂದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆ ಕಟ್ಟಳೆಗೂ ಮಡಿಗೂ ಸಂಬಂಧವಿಲ್ಲವೆಂದು ನನಗೆ ಆಗ ಹೊಳೆಯಿತು. ನಿನ್ನೆ ಎಷ್ಟು ಹೊಯ್ದೆ, ಇವತ್ತು ಎಷ್ಟು ತಡೆಯುತ್ತದೆ ಎನ್ನುವುದು ಹೊಯ್ದ ಕೈಗೆ ಮಾತ್ರ ಗೊತ್ತು. ತಾಂಡ್ರವನ್ನೆಲ್ಲ ತಿಪ್ಪೆಗೆ ಸುರಿದೆವು. ಮಂಡಿಯಲ್ಲಿ ಹಣ್ಣು ಮುಗಿಯುತ್ತ ಬಂದಿತ್ತು, ಇನ್ನು ಮೂವತ್ತು ದಿನದ ಬಿಸಿಲನ್ನು ಎಲ್ಲಿಂದ ತರುವುದು? ಕಾಂತರಾಜ್ ಆಗಲೇ ಆಂಧ್ರದ ತಾಂಡ್ರ ತರಿಸಿ ಜೋಡಿಸಿಕೊಂಡಿದ್ದ. "ಗಿರಾಕಿಗಳು ಕಾಯ್ತಾರೇನಮ್ಮಾ?" ಎಂದು ಅವಳನ್ನೇ ಕೇಳಿದ.

ವಾರದ ನಂತರ ಕೋಲಾರದಲ್ಲಿ ಸಮಾರಂಭ. ಎಲ್ಲರೂ ತಾವು ಮಾಡಿದ್ದನ್ನು ವೇದಿಕೆಯ ಮೇಲೆ ತೋರಿಸಬೇಕು. ಶ್ರೀವಾಣಿ ಮೇಡಂಗೆ ನಡೆದದ್ದನ್ನೆಲ್ಲ ಹೇಳಿದೆ. "ಅಯ್ಯೋ ಪಾಪ," ಎಂದರು. ಆಮೇಲೆ ಪೇಟೆಯಿಂದ ಕಂಪನಿ ತಾಂಡ್ರದ ಪೊಟ್ಟಣ ತರಿಸಿ, ಅದರ ಚೀಟಿ ಕಿತ್ತು, 'ಆದಿಲಕ್ಷ್ಮಿ ಮನೆ ತಾಂಡ್ರ' ಎಂಬ ಚೀಟಿ ಅಂಟಿಸಿದರು. ಅದರಲ್ಲಿ ಅವಳ ಫೋಟೋ, ಕಲಿಸಿದ ಹಾಗೆಯೇ ನಗುತ್ತಿತ್ತು.

ಮುಖ್ಯ ಅತಿಥಿಗಳು ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಮನೆಯಲ್ಲಿ ಮಾಡಿದ್ದರ ರುಚಿಯೇ ಬೇರೆ! ಇದನ್ನ ಕಲಿಯೋಕೆ ಎಷ್ಟು ದಿನ ಬೇಕಾಯ್ತಮ್ಮ?" ಎಂದು ಮೈಕನ್ನು ಅವಳ ಮುಂದೆ ಹಿಡಿದರು.

ಹದಿನೆಂಟು ವರ್ಷದಿಂದ ತಾಂಡ್ರ ಹೊಯ್ಯುತ್ತಿರುವ ಹೆಂಗಸು. ಒಂದು ಸಲ ನನ್ನ ಕಡೆ ನೋಡಿದಳು.

"ಇಪ್ಪತ್ತು ದಿನ ಸಾರ್."

ಸಭೆ ಚಪ್ಪಾಳೆ ಹೊಡೆಯಿತು. ಅಭ್ಯಾಸಬಲ, ನನ್ನ ಕೈಗಳೂ ಎದ್ದವು.

ಅಂಗಡಿಯ ಬೀಗದ ಕೈ ಕೊಟ್ಟರು. ಕೆಳಗಿಳಿದು ಬಂದವಳು ಅದನ್ನು ನನ್ನ ಮಡಿಲಿಗೆ ಹಾಕಿದಳು. "ನೀನೇ ಇಟ್ಕೊಳಕ್ಕಾ. ಕೈ ಬದಲಾದ್ಮೇಲೆ ಅದು ನಂದಲ್ಲ."

ಅಂಗಡಿ ಇನ್ನೂ ಬೀಗ ಹಾಕಿಯೇ ಇದೆ. ಬಾಗಿಲ ಮೇಲೆ ಅವಳ ಚಿತ್ರವಿದೆ. ಟ್ರಸ್ಟಿನ ವರದಿಯಲ್ಲಿ ಅವಳು ಗೆದ್ದವರ ಪೈಕಿ.

ಈ ವರ್ಷ ಮತ್ತೆ ಚಾಪೆ ಹಾಸಿದ್ದಾಳೆ. ಯಾರು ಕೊಳ್ಳುತ್ತಾರೋ ಅವಳಿಗೇ ಗೊತ್ತಿಲ್ಲ. ನಾನು ಹೋದರೆ ಕಾಫಿ ಕೊಡುತ್ತಾಳೆ, ಮಕ್ಕಳ ವಿಚಾರ ಕೇಳುತ್ತಾಳೆ. ತಾರಸಿಯ ಮೆಟ್ಟಿಲ ಕಡೆ ತಿರುಗಿದರೆ ಮಾತ್ರ, "ಮೇಲೆ ಬಿಸಿಲು ಜಾಸ್ತಿ ಐತೆ, ಇಲ್ಲೇ ಕೂತ್ಕೊಳಕ್ಕಾ," ಅನ್ನುತ್ತಾಳೆ.