ಮೈಲಾರನ ಹೆಂಡತಿಗೆ ಸೋಡಚಿಟ್ಟಿ

"ಏ ರಂಡಿ, ಏಳ! ನಿನ್ನ ಯೇಸುನ ಕಡಿ ಮಂದಿ ಬಂದಾರ. ಗಿರಾಕಿ ಬಂದ್ರೂ ಏಳಂಗಿಲ್ಲ, ದೇವರು ಬಂದ್ರೂ ಏಳಂಗಿಲ್ಲ. ಯಾವ ಧಂದಾಕ್ಕ ಲಾಯಕ್ಕಿದ್ದಿ ನೀ?"

ಖೋಲಿಗಳ ಮಾಲಕಿ ಕಲ್ಯಾಣಮ್ಮನ ಈ ಸುಪ್ರಭಾತಕ್ಕೆ ಸಾರಿಕಾ ಎದ್ದು ಕೂತಳು. ಕನ್ನಡಿ ನೋಡಿದಳು. ಒಂದು ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು, ಇನ್ನೊಂದರದು ದಿಂಬಿಗೆ ಹೋಗಿತ್ತು. ಹೀರೋಯಿನ್ ಎಂಟ್ರಿಗೆ ಇಷ್ಟು ಮೇಕಪ್ ಸಾಕು ಎಂದು ತನಗೆ ತಾನೇ ಶಿಳ್ಳೆ ಹೊಡೆದುಕೊಂಡು ಬಾಗಿಲು ತೆಗೆದಳು.

ಹೊರಗೆ ಮಯೂರಿ ಸಿಸ್ಟರ್ ಮತ್ತು ಪಾಸ್ಟರ್ ಯೋಗಿರಾಜ. ಸೋಲಾಪುರದ ನವಿ ಪೇಠದ ಬಟ್ಟೆ ಅಂಗಡಿಯೊಂದರ ಮಾಳಿಗೆ ಮೇಲೆ ಅವರ ಪ್ರಾರ್ಥನೆಯ ಹಾಲ್. ಅದರ ಹಿಂದೆ ಹೊಲಿಗೆ ಮಷೀನುಗಳು, ಧಂದೆ ಬಿಟ್ಟು ಬಂದ ಹೆಂಗಸರಿಗೆ ಮಂಚಗಳು. ಪ್ರತಿ ಮಂಗಳವಾರ ಈ ಗಲ್ಲಿಗೆ ಬಂದು ಚಹಾ ಕುಡಿಸಿ, ಹಾಡು ಹೇಳಿ, ಕಲ್ಯಾಣಮ್ಮನಿಂದ ಬೈಸಿಕೊಂಡು ಹೋಗುತ್ತಿದ್ದರು. ಇವತ್ತು ಸಾರಿಕಾಳನ್ನು ಕರೆದೊಯ್ಯಲೆಂದೇ ಬಂದಿದ್ದರು. ಚೀಲ ರೆಡಿ ಇತ್ತು. ಚೀಲದ ಒಡತಿ ರೆಡಿ ಇರಲಿಲ್ಲ.

"ಪಾಸ್ಟರ್, ಒಂದ ಅಡಚಣಿ ಅದ್ರಿ. ನಂದು ಲಗ್ನ ಆಗ್ಯದ."

ಮಯೂರಿ ಗಾಬರಿಯಾದಳು. "ಯಾವಾಗ? ಗಂಡ ಯಾರು?"

"ಮೈಲಾರಲಿಂಗ."

ಒಂಬತ್ತರ ವಯಸ್ಸಿನಲ್ಲಿ ಊರ ಪೂಜಾರಿ ಸಾತಲಿಂಗಪ್ಪ ಅವಳ ತಲೆಗೆ ಭಂಡಾರದ ಅರಿಶಿನ ಸುರಿದು, ಕೊರಳಿಗೆ ಕವಡಿ ಸರ ಕಟ್ಟಿ ದೇವರಿಗೆ ಮದುವೆ ಮಾಡಿದ್ದ. ಅಣ್ಣನ ಜ್ವರ ಇಳಿಯಲಿ ಅಂತ. ಜ್ವರ ಇಳಿಯಿತು, ಇವಳಿಗೆ ಮುರಳಿ, ಅಂದರೆ ದೇವರಿಗೆ ಬಿಟ್ಟವಳು, ಅಂತ ಹೆಸರು ಬಿತ್ತು. ಹರೆಯ ಬಂದ ಮೇಲೆ ಅದೇ ಪೂಜಾರಿ ಸೋಲಾಪುರದ ಬಸ್ ಹತ್ತಿಸಿದ. ಅವಳು ಕಳಿಸಿದ 'ದೇವರ ಪಾಲಿ'ನಲ್ಲಿ ಪೂಜಾರಿಯ ಮನೆಗೆ ಸ್ಲ್ಯಾಬ್ ಬಿತ್ತು, ಅಣ್ಣ ಅಮೋಗಸಿದ್ಧನಿಗೆ ಮೋಟರ್‌ಸೈಕಲ್ ಬಂತು. ಈ ಗಲ್ಲಿಗೆ ಎಲ್ಲ ಜಾತಿಯ ಗಂಡಸರೂ ಬಂದರು, ಗಂಡನೆನಿಸಿಕೊಂಡವನು ಮಾತ್ರ ಬರಲಿಲ್ಲ. ಮಾನಸ್ಥ ಅಂದರೆ ಅವನೊಬ್ಬನೇ ಎಂದು ಸಾರಿಕಾ ನಗುತ್ತಿದ್ದಳು.

"ಅಂಥಾ ಗಂಡನ ಇಲ್ಲ, ಸಾರಿಕಾ ಸಿಸ್ಟರ್," ಎಂದ ಪಾಸ್ಟರ್. "ಆ ಸರ ಗಟಾರದಾಗ ಒಗೀರಿ, ಮುಗೀತು."

"ಗಂಡ ಇಲ್ಲ ಅಂತೀರಿ. ಹೆಂಡ್ತಿ ಇದ್ದೀನಲ್ರಿ ಇಲ್ಲಿ, ಬಾಗಲಾ ತುಂಬ! ನಾ ಬಿಟ್ರ ದೇವರ ಹತ್ರ ನಮ್ಮ ಮನಿ ಜಾಗಾ ಖಾಲಿ ಆಗ್ತದಂತ. ಅಣ್ಣನ ಮಗಳು ಸಪ್ನಾ, ಏಳನೇ ಇಯತ್ತಾ ಓದಾಕತ್ತಾಳ. ಬರೂ ರವಿವಾರ ಆಕಿ ತಲಿ ಮ್ಯಾಲ ಭಂಡಾರ ಹಾಕ್ತಾರ. ಧಂದಾ ಬಿಡಾಕತ್ತೀನಿ ಅಂತ ಅಣ್ಣಗ ಫೋನಿನಾಗ ಒದರಿಬಿಟ್ಟೆ, ನಂದೊಂದು ಹಲ್ಕಟ್ ಬಾಯಿ."

"ಪೊಲೀಸರಿಗೆ ಹೇಳೋಣ," ಎಂದಳು ಮಯೂರಿ.

"ಹೇಳ್ರಿ. ಊರ ಹವಾಲ್ದಾರ ರವಿವಾರದ ಊಟಕ್ಕ ಮೊದಲ ಬಂದು ಕುಂತಿರ್ತಾನ."

ಸಾರಿಕಾಳಿಗೆ ಬೇಕಾದದ್ದು ಸೋಡಚಿಟ್ಟಿ, ಬಿಡುಗಡೆ. ಅವರ ಕುಲದಲ್ಲಿ ಸಂಸಾರ ಒಡೆದರೆ ಹಿರಿಯರ ಮುಂದೆ ಗಂಡ ಹೆಂಡತಿ ಒಂದು ಕಡ್ಡಿಯ ಎರಡು ತುದಿ ಹಿಡಿದು ಮುರಿಯುತ್ತಾರೆ. ಅಲ್ಲಿಗೆ ಎರಡು ಮನೆಗಳ ಸಂಬಂಧವೇ ಕಡಿಯಿತು. ಮನೆಯೇ ಬಿಡುಗಡೆಯಾದರೆ ಸಪ್ನಾಳನ್ನು ಕೇಳುವವರಾರು?

"ನಾ ಆ ಊರಿಗೆ ಬಂದ್ರ ಮತಾಂತರ ಅಂತ ಕೈಕಾಲು ಮುರೀತಾರ," ಎಂದ ಪಾಸ್ಟರ್, ನೆಲ ನೋಡುತ್ತ. "ಇಲ್ಲಿಂದ ಪ್ರಾರ್ಥನಾ ಮಾಡ್ತೀವ್ರಿ."

"ಮಾಡ್ರಿ. ನೆಟ್‌ವರ್ಕ್ ಚಲೋ ಇದ್ದಲ್ಲಿ ನಿಂತು ಮಾಡ್ರಿ."

ಮಯೂರಿ ಕೊರಳಿನ ಶಿಲುಬೆಯನ್ನು ರವಿಕೆಯೊಳಗೆ ಇಳಿಬಿಟ್ಟಳು. "ನಾ ಬರ್ತೀನಿ."

ರವಿವಾರ ಅಕ್ಕಲಕೋಟದ ಬಸ್ಸಿನಲ್ಲಿ ಸಾರಿಕಾ ಡೈಲಾಗ್ ರಿಹರ್ಸಲ್ ಶುರು ಮಾಡಿದಳು. "ಸಾತಲಿಂಗ್ಯಾ! ನಾ ಬಂದದ್ದು ಬಸ್ಸಿನಾಗ, ಹೋಗೂದು ನಿನ್ನ ಎದಿ ಮ್ಯಾಲಿಂದ!"

"ಎದಿ ಮ್ಯಾಲಿಂದ ಬಸ್ ಹೆಂಗ ಹೋಗ್ತದ?" ಮಯೂರಿ ಕೇಳಿದಳು.

"ಸಿನಿಮಾದಾಗ ಹೋಗ್ತದ, ತಗೋ."

"ಹೀರೋಯಿನ್ ಬಾಯಿ, ಮೊದಲ ತಿಕೀಟ ತಗೀರಿ," ಎಂದ ಕಂಡಕ್ಟರ್.

ಅಕ್ಕಲಕೋಟದಲ್ಲಿ ಬಸ್ ಬದಲಿಸಿ, ತಡವಳ ದಾಟಿ, ಧೂಳಿನಲ್ಲಿ ನಡೆದು ಊರು ಮುಟ್ಟಿದಾಗ ಅಣ್ಣನ ಮನೆಯ ಅಂಗಳ ತುಂಬಿತ್ತು. ನಡುವೆ ಮಣೆಯ ಮೇಲೆ ಸಪ್ನಾ. ಹಸಿರು ಸೀರೆ ಅವಳನ್ನು ಉಟ್ಟುಕೊಂಡಂತಿತ್ತು. ಸಾರಿಕಾಳ ತಾಯಿ ಜನಾಬಾಯಿ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು, ಅಂದು ಮಗಳ ಲಗ್ನದಲ್ಲಿ ಕೂತ ಹಾಗೆಯೇ.

"ಬಂತು ನೋಡ್ರಿ ಸೋಲಾಪುರದ ಮಾಲ!" ಸಾತಲಿಂಗಪ್ಪ ಕೂಗಿದ. "ಅತ್ತಾಗ ನಿಂದ್ರ ಸೂಳಿ. ನಿನ್ನ ನೆರಳು ಬಿದ್ರ ಮಡಿ ಕೆಡ್ತದ."

ಬಸ್ಸಿನ ಡೈಲಾಗ್ ಬಸ್ಸಿನಲ್ಲೇ ಉಳಿದಿತ್ತು. ಸಾರಿಕಾಳ ಗಂಟಲಿನಿಂದ ಮೇಕೆಮರಿಯ ದನಿ ಬಂತು. "ಸೋಡಚಿಟ್ಟಿ ಬೇಕಾಗಿತ್ರಿ."

ಅಂಗಳ ನಕ್ಕಿತು. ಗಂಡಸರು ನಕ್ಕರೆ ತಾನೂ ನಗುವುದು ಅವಳ ಧಂದೆಯ ರೂಢಿ. ಅವಳೂ ನಕ್ಕಳು. ನಗುತ್ತಲೇ ಜೋಳದ ಕಣಿಕಿಯ ಕಟ್ಟಿನಿಂದ ಒಂದು ಕಡ್ಡಿ ಹಿರಿದು ಚಾಚಿದಳು. "ಗಂಡನ ಕಡಿಯಿಂದ ನೀವ ಹಿಡೀರಿ, ಅಪ್ಪಾರ. ಲಗ್ನದಾಗೂ ನೀವ ನಿಂತಿದ್ರಿ."

"ಹುಚ್ಚ ಬೋಳಿ, ಇದು ಮನಷ್ಯಾರ ಲಗ್ನ ಅಲ್ಲ ಮುರಿಯಾಕ. ಈ ಭಂಡಾರ ಯಾರ ತಲಿ ಮ್ಯಾಲ ಬೀಳ್ತದ ಅವರು ಅವನವರು. ಬಿತ್ತು ಅಂದ್ರ ಬಿತ್ತು. ಒರಸಾಕ ಬರಂಗಿಲ್ಲ, ತೊಳ್ಯಾಕ ಬರಂಗಿಲ್ಲ, ಸಾಯೂತನಾ."

"ಯಾರ ಮ್ಯಾಲ ಬಿದ್ರೂ?"

"ಯಾರ ಮ್ಯಾಲ ಬಿದ್ರೂ! ದೇವರ ಜಾಗಾ ಖಾಲಿ ಇರಬಾರದು, ಅಷ್ಟ. ಏ ಅಮೋಗಸಿದ್ಧ, ನಿನ್ನ ತಂಗಿನ್ನ ಅತ್ತಾಗ ಎಳಿ."

ಪೂಜಾರಿ ಭಂಡಾರದ ತಾಟು ಎತ್ತಿದ. ಸಪ್ನಾ ಕಣ್ಣು ಮುಚ್ಚಿದಳು. ಅಣ್ಣ ಸಾರಿಕಾಳ ರಟ್ಟೆಗೆ ಕೈ ಹಾಕಿದ. ಸಾರಿಕಾ ಅವನ ಕೈ ಕಚ್ಚಿ ಮುಂದೆ ನುಗ್ಗಿದಳು. ಇಂಥ ಹೊತ್ತಿನಲ್ಲಿ ಎಲ್ಲ ನಿಧಾನವಾಗುತ್ತದೆ, ಹಿಂದಿನಿಂದ ಮ್ಯೂಸಿಕ್ ಬರುತ್ತದೆ ಎಂದು ಅವಳು ನಂಬಿದ್ದಳು. ಏನೂ ಬರಲಿಲ್ಲ. ನಾಯಿಯೊಂದು ಕಿವಿ ಕೆರೆದುಕೊಳ್ಳುತ್ತಿತ್ತು. ಅವಳು ತಾಟು ಕಸಿದು, ತುದಿಗಾಲಲ್ಲಿ ನಿಂತು, ಅಷ್ಟೂ ಭಂಡಾರವನ್ನು ಸಾತಲಿಂಗಪ್ಪನ ತಲೆಯ ಮೇಲೆ ಬೋರಲು ಹಾಕಿದಳು. ಅರ್ಧ ಅವಳ ಮೂಗಿಗೇ ಹೋಯಿತು. ಸಿಡಿಲಿನಂತೆ ಹೇಳಬೇಕೆಂದಿದ್ದ ಮಾತಿನ ಬದಲು ಮೂರು ಸೀನು ಬಂದವು.

"ತುಂಬ್ತು ನೋಡ್ರಿ ಜಾಗಾ!" ಎಂದಳು ಸೆರಗಿನಿಂದ ಮೂಗು ಒರೆಸುತ್ತ. "ಏ ಸವತಿ ಸಾತಲಿಂಗ್ಯಾ, ನಡಿ. ಸೋಲಾಪುರದಾಗ ಖೋಲಿ ಖಾಲಿ ಅದ. ರಾತ್ರಿ ಗಿರಾಕಿ ಬರ್ತಾರ. ನಾ ಕಲಸ್ತೀನಿ ಎಲ್ಲಾ."

ಯಾರೂ ನಗಲಿಲ್ಲ. ಸಾರಿಕಾ ಒಬ್ಬಳೇ ನಕ್ಕಳು. ಮಯೂರಿ ಸಪ್ನಾಳ ಹಿಂದೆ ಹೋಗಿ ನಿಂತು ಅವಳ ಭುಜ ಹಿಡಿದಳು. ಬೆನ್ನ ಹಿಂದೆ ಅಮೋಗಸಿದ್ಧ ಅಂಗಳದ ಬಾಗಿಲಿಗೆ ಅಗಳಿ ಹಾಕಿದ ಸದ್ದು ಕೇಳಿಸಿತು. ಯಾರೋ ಕೊಡಲಿಯ ಹಿಡಿಕೆ ಎಳೆದುಕೊಂಡರು.

ಸಾತಲಿಂಗಪ್ಪನ ರೆಪ್ಪೆ, ಮೀಸೆ, ತುಟಿ ಎಲ್ಲ ಹಳದಿ. ಕಣ್ಣಿಗೆ ಹೋದ ಅರಿಶಿನ ಉರಿದು ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದ.

ಜನಾಬಾಯಿ ತಲೆ ಎತ್ತಿದಳು.

"ಒರಸಬ್ಯಾಡ್ರಿ ಅಪ್ಪಾರ," ಎಂದಳು ಮೆಲ್ಲಗೆ. "ಒರಸಾಕ ಬರಂಗಿಲ್ಲಲ್ರಿ."

ಕೈ ಅರ್ಧಕ್ಕೇ ನಿಂತಿತು. ಅಂಗಳದ ಹೆಂಗಸರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಮಣೆಯ ಮೇಲೆ ಸಪ್ನಾ ಒಂದು ಕಣ್ಣನ್ನು ಮಾತ್ರ ತೆರೆದಳು.