ಬಿಸಿಲಿದ್ದೂ ನಿಂತ ಕಾವುಪೆಟ್ಟಿಗೆ

ಕರೆಂಟ್ ಹೋದರೆ ನಮ್ಮ ಬೀದಿಯವರೆಲ್ಲ ಒಮ್ಮೆ ಗೊಣಗಿ ಸುಮ್ಮನಾಗುತ್ತೇವೆ. ಪಕ್ಕದ ಮನೆಯ ಮರಿಯಕ್ಕನಿಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿ ಮಾರುವುದು ಅವಳ ಕೆಲಸ, ಅದಕ್ಕೇ ಆ ಹೆಸರು. ಹಿತ್ತಲಿನ ತಗಡಿನ ಕೋಣೆಯಲ್ಲಿ ಅವಳ ಕಾವುಪೆಟ್ಟಿಗೆ ಇದೆ. ಒಳಗೊಂದು ಬಲ್ಬು, ಒಂದು ಪುಟ್ಟ ಫ್ಯಾನು. ಆ ಫ್ಯಾನು ನಿಂತರೆ ಬಲಿತ ಮರಿಗಳಿಗೆ ಮೊಟ್ಟೆಯೊಳಗೇ ಉಸಿರುಗಟ್ಟುತ್ತದೆ. ಹಾಗಾಗಿ ಕರೆಂಟ್ ಹೋದ ಕೂಡಲೇ ಅವಳ ಅತ್ತೆ, ನಾವೆಲ್ಲ ಅಜ್ಜಿ ಎನ್ನುವವರು, ಮುಚ್ಚಳ ತೆಗೆದು, ಸ್ಟೂಲ್ ಎಳೆದುಕೊಂಡು ಬೀಸಣಿಗೆ ಬೀಸುತ್ತ ಕೂರುತ್ತಿದ್ದರು. ಸೊಸೆಯನ್ನು ಬೈಯುತ್ತಲೇ ಬೀಸುತ್ತಿದ್ದರು, ಅದು ಬೇರೆ ಮಾತು.

ಮರಿಯಕ್ಕನ ಗಂಡ ಬಡಗಿ. ನಮಗೆಲ್ಲ ಅವನು ದಿಢೀರಣ್ಣ. ತಲೆಗೆ ಬಂದದ್ದು ಅವತ್ತೇ ಆಗದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಯಾರದೋ ಮನೆಗೆ ಬಾಗಿಲು ಕೂರಿಸಲು ಹೋದವನು ಅವರ ತಾರಸಿಯ ಮೇಲಿನ ಸೋಲಾರ್ ನೋಡಿ ಬಂದ. ಹಗಲು ನಾವು ಬಳಸಿ ಉಳಿದ ಕರೆಂಟು ಊರ ಲೈನಿಗೆ ಹೋಗುತ್ತದೆ, ಒಳಗೆ ಬಂದದ್ದು ಹೊರಗೆ ಹೋದದ್ದು ಎರಡನ್ನೂ ಅಳೆಯುವ ಮೀಟರ್ ಹಾಕುತ್ತಾರೆ, ಹೆಚ್ಚು ಕೊಟ್ಟರೆ ನಮಗೇ ದುಡ್ಡು ಬರುತ್ತದೆ ಎಂದು ಮನೆಯವರಿಗೆಲ್ಲ ವಿವರಿಸಿದ.

ಅಜ್ಜಿ ನಂಬಲಿಲ್ಲ. "ಬಿಸಿಲು ಮಾರ್ತಾನಂತೆ. ನಾಳೆ ಗಾಳಿಗೂ ಗಿರಾಕಿ ಹುಡುಕ್ತಾನೆ ನೋಡ್ತಿರು" ಎಂದು ನನ್ನ ಹತ್ತಿರ ಹೇಳಿ ನಕ್ಕರು.

ಈ ವಿಷಯದಲ್ಲಿ ದಿಢೀರಣ್ಣನದೇ ಸರಿ. ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟ, ಮೀಟರ್ ಬಂತು, ಬಿಲ್ಲು ಇಳಿಯಿತು. ಅಜ್ಜಿಯೂ ಸುಮ್ಮನಾದರು. ಆದರೆ ಹಾಕಲು ಬಂದವರು ಬ್ಯಾಟರಿ ಬೇಕೇ ಎಂದು ಕೇಳಿದಾಗ ಅವನು, ಮಾರುವ ಕರೆಂಟನ್ನು ಕೂಡಿಟ್ಟು ಏನು ಮಾಡಲಿ, ಬೇಡ ಎಂದುಬಿಟ್ಟ. ನಿಮ್ಮ ತಮ್ಮನನ್ನೂ ಒಂದು ಮಾತು ಕೇಳೋಣ ಎಂದಳು ಮರಿಯಕ್ಕ. ಅವಳ ಮೈದುನ ಲೈನ್‌ಮ್ಯಾನ್. ಅವನು ಬರುವವರೆಗೆ ಯಾರು ಕಾಯುತ್ತಾರೆ?

ಬೇಸಿಗೆ ಬಂತು. ಮರಿಯಕ್ಕನ ತಂಗಿ ಹೊಸ ಮನೆಗೆ ಹೋಗಿದ್ದಳು, ಎಲ್ಲರನ್ನೂ ಊಟಕ್ಕೆ ಕರೆದಿದ್ದಳು. ಪೆಟ್ಟಿಗೆಯ ಮರಿಗಳು ಮಾರನೆಯ ದಿನ ಹೊರಬರಬೇಕು. ಹೊರಡುವ ಮುಂಚೆ ಮರಿಯಕ್ಕ ಒಂದು ಮೊಟ್ಟೆಯನ್ನು ನನ್ನ ಕಿವಿಗೆ ಹಿಡಿದಳು. ಒಳಗೆ ಚೀಂವ್ ಎಂದಿತು. ಅವಳ ಮುಖ ನೋಡಬೇಕಿತ್ತು ನೀವು.

ಅಜ್ಜಿ ನಾನು ಮನೆಯಲ್ಲೇ ಇರುತ್ತೇನೆ ಎಂದರು. ಮಗ ಕೇಳಲಿಲ್ಲ.

"ಮೇಲೆ ಸೂರ್ಯ ಇದಾನಲ್ಲಮ್ಮ, ಅವನೇ ನೋಡ್ಕೋತಾನೆ. ನಿನ್ನ ಬೀಸಣಿಗೆಗೆ ಇನ್ಮೇಲೆ ರಜಾ" ಎಂದು ಕೋಣೆಗೆ ಬೀಗ ಹಾಕಿದ.

ಮಧ್ಯಾಹ್ನ ಕರೆಂಟ್ ಹೋಯಿತು. ಅವರಿಗೇನು, ಸೋಲಾರ್ ಇದೆ ಎಂದುಕೊಂಡು ನಾನು ನೆಮ್ಮದಿಯಾಗಿ ಬಟ್ಟೆ ಒಣಹಾಕಿದೆ. ಸಂಜೆ ಅವರು ಬಂದು ಬೀಗ ತೆಗೆದರು. ತಗಡಿನ ಕೋಣೆ ಕಾದ ಬಾಣಲೆಯಂತಾಗಿತ್ತು, ಪೆಟ್ಟಿಗೆಯ ಫ್ಯಾನು ನಿಂತಿತ್ತು. ನಾಲ್ಕೈದು ಮೊಟ್ಟೆಗಳ ಚಿಪ್ಪು ಒಡೆದು ಕೊಕ್ಕಿನ ತುದಿ ಹೊರಗೆ ಕಾಣುತ್ತಿತ್ತು, ಅಷ್ಟೇ; ಯಾವುದೂ ಅಲುಗಾಡುತ್ತಿರಲಿಲ್ಲ. ಮರಿಯಕ್ಕ ಒಂದೊಂದೇ ಮೊಟ್ಟೆಯನ್ನು ಕಿವಿಗೆ ಹಿಡಿದು ಕೇಳಿ, ಮತ್ತೆ ಅದರ ಜಾಗದಲ್ಲೇ ಇಡುತ್ತಿದ್ದಳು. ದಿನಾ ಬೈಯುವ ಅಜ್ಜಿ ಅವತ್ತು ಸೊಸೆಯ ಪಕ್ಕ ಕೂತು ಅವಳ ಬೆನ್ನು ಸವರಿದರು.

ಅಷ್ಟರಲ್ಲಿ ಮೈದುನ ಕೆಲಸ ಮುಗಿಸಿ ಬಂದ. ದಿಢೀರಣ್ಣ ಕೆಂಡವಾಗಿದ್ದ. ಅಷ್ಟು ಬಿಸಿಲಿದ್ದೂ ಸೋಲಾರ್ ನಿಂತಿದೆ ಎಂದರೆ ಮೋಸವೇ ಸೈ, ನಾಳೆಯೇ ಯಾರನ್ನಾದರೂ ಕರೆಸಿ ಅದು ಆಫ್ ಆಗದ ಹಾಗೆ ವೈರು ಹಾಕಿಸುತ್ತೇನೆ ಎಂದು ಕೂಗಾಡಿದ.

"ಬೇಡಣ್ಣ" ಎಂದ ತಮ್ಮ. "ಅದು ಆಫ್ ಆಗ್ಲೇಬೇಕು. ಬ್ಯಾಟರಿ ಇಲ್ದಿರೋ ಸೋಲಾರ್ ಊರಲ್ಲಿ ಕರೆಂಟ್ ಹೋದ್ರೆ ತಾನೂ ನಿಲ್ಲುತ್ತೆ. ಲೈನ್ ರಿಪೇರಿಗೆ ನಾವು ಕರೆಂಟ್ ತೆಗೆದು ಕಂಬ ಹತ್ತಿರ್ತೀವಿ. ಆಗ ನಿನ್ನ ತಾರಸಿ ಕರೆಂಟು ಲೈನಿಗೆ ಬಂದ್ರೆ ಮೇಲಿರೋನು ಉಳಿಯಲ್ಲ."

ಅಜ್ಜಿ ಮೆಲ್ಲಗೆ ಕೇಳಿದರು. "ಇವತ್ತು ಮಧ್ಯಾಹ್ನ ಕಂಬ ಹತ್ತಿದ್ದು ಯಾರು?"

"ನಾನೇ ಅಮ್ಮ. ಈ ಮೂಲೆ ಕಂಬ."

ಅಜ್ಜಿ ಅವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ದಿಢೀರಣ್ಣ ಹೊಸಿಲ ಮೇಲೆ ಕೂತ. ಮೈದುನ ಮರಿಯಕ್ಕನ ಕಡೆ ತಿರುಗಿ, "ನಾನೂ ಹೇಳ್ಬೇಕಿತ್ತು ಅತ್ತಿಗೆ. ನಿಮಗೆ ಗೊತ್ತಿರುತ್ತೆ ಅನ್ಕೊಂಡೆ" ಎಂದ. ಅವಳು ಇನ್ನೊಂದು ಮೊಟ್ಟೆಯನ್ನು ಕಿವಿಗೆ ಹಿಡಿದಳು.

ಆಮೇಲೆ ತಮ್ಮನೇ ಕಚೇರಿಯಲ್ಲಿ ವಿಚಾರಿಸಿದ. ಬ್ಯಾಟರಿ ಇರುವ ವ್ಯವಸ್ಥೆ ಕರೆಂಟ್ ಹೋದಾಗ ಮನೆಯನ್ನು ಊರ ಲೈನಿನಿಂದ ಬೇರೆ ಮಾಡಿಕೊಂಡು, ಮನೆಯೊಳಗೆ ಮಾತ್ರ ನಡೆಯುತ್ತದೆ. ಕಾವುಪೆಟ್ಟಿಗೆಗೆ ಬೇಕಾದಷ್ಟಕ್ಕೆ ಅದನ್ನು ಹಾಕಿಸಿದರು. ಈ ಸಲ ದಿಢೀರಣ್ಣ ನಿಧಾನವಾಗಿ, ಎಲ್ಲರನ್ನೂ ಕೇಳಿ ಹಾಕಿಸಿದ. ಉಳಿದ ಕರೆಂಟು ಈಗಲೂ ಲೈನಿಗೆ ಹೋಗುತ್ತದೆ, ಅದರ ದುಡ್ಡೂ ಬರುತ್ತದೆ. ಪೆಟ್ಟಿಗೆಯಲ್ಲಿ ಮತ್ತೆ ಮರಿಗಳಾಗಿವೆ. ಆದರೂ ಕರೆಂಟ್ ಹೋದರೆ ಅಜ್ಜಿ ಬೀಸಣಿಗೆ ಹಿಡಿದು ಪೆಟ್ಟಿಗೆಯ ಪಕ್ಕ ಬಂದು ಕೂರುತ್ತಾರೆ. ಒಳಗೆ ಫ್ಯಾನು ತಿರುಗುತ್ತಿದೆ, ಬೇಡ ಎಂದು ಹೇಳುವ ಧೈರ್ಯ ಮಗನಿಗಿಲ್ಲ. ಮರಿಯಕ್ಕ ಈಗ ಯಾರ ಕಿವಿಗೂ ಮೊಟ್ಟೆ ಹಿಡಿಯುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಸೋಲಾರ್ ಹಾಕಿಸಿ. ಬಳಸಿ, ಉಳಿದದ್ದನ್ನು ಮಾರಿ. ಆದರೆ ಹಾಕಿಸುವ ಮುಂಚೆ ಬಾಯಿಬಿಟ್ಟು ಕೇಳಿ: ಊರಲ್ಲಿ ಕರೆಂಟ್ ಹೋದಾಗ ನಮ್ಮ ಮನೆಯಲ್ಲಿ ಏನು ನಡೆಯುತ್ತದೆ, ಏನು ನಿಲ್ಲುತ್ತದೆ? ನಿಲ್ಲಬಾರದ್ದು ಏನಾದರೂ ಇದ್ದರೆ ಅದಕ್ಕೆ ಬ್ಯಾಟರಿ ಇಡಿಸಿ. ತಾನಾಗಿ ಆಫ್ ಆಗುವ ಆ ವ್ಯವಸ್ಥೆಗೆ ಮಾತ್ರ ಯಾವತ್ತೂ ಕೈ ಹಾಕಬೇಡಿ. ಆ ಹೊತ್ತಿನಲ್ಲಿ ಕಂಬದ ಮೇಲೆ ಯಾರದೋ ಮನೆಯ ಮಗ ಇರುತ್ತಾನೆ.